"ಕೆರೆಯ ನೀರನು ಕೆರೆಗೆ ಚೆಲ್ಲಿ": ಹೊಗಳಿಕೆನಾ, ಗೇಲಿನಾ? ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು

ಶ್ರೀನಿವಾಸಪುರದ ಮಾವು
ಊರ ಕೆರೆ ಕೋಡಿ ಬಿದ್ದಿದೆ. ಭಾನುವಾರ ಗಂಗಾಪೂಜೆ, ಬಾಗಿನ, ಸಂಜೆ ತೆಪ್ಪೋತ್ಸವ. ಆಹ್ವಾನಪತ್ರಿಕೆಯ ನೆತ್ತಿ ಮೇಲೆ "ಕೆರೆಯ ನೀರನ್ನು ಕೆರೆಗೆ ಚೆಲ್ಲಿ" ಅಂತ ಹಾಕೋದು ಅಂತ ತೀರ್ಮಾನ ಆಗಿತ್ತು. ಈಗ ಸಮಿತೀಲಿ ಜಗಳ. ಒಬ್ಬರು ಹೇಳೋದು: "ಅದು ಕೆಲಸಕ್ಕೆ ಬಾರದ ಕೆಲಸ ಮಾಡೋರನ್ನ ಆಡಿಕೊಳ್ಳೋ ಮಾತು. ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಅಂತೀವಲ್ಲ, ಹಂಗೆ. ಪೂಜೆ ಪತ್ರಿಕೆ ಮೇಲೆ ಹಾಕಿದ್ರೆ ಜನ ನಗ್ತಾರೆ." ಇನ್ನೊಬ್ಬರು: "ಸಮಾಜದಿಂದ ಪಡೆದದ್ದನ್ನ ಸಮಾಜಕ್ಕೆ ವಾಪಸ್ ಕೊಡೋದು ಅಂತ ಅರ್ಥ, ಕೆಳಗೆ 14 ಜನ ದಾನಿಗಳ ಹೆಸರು ಬರುತ್ತಲ್ಲ, ಸರಿಯಾಗಿ ಹೊಂದುತ್ತೆ." ಯಾರ ಮಾತು ಹಿಡೀಬೇಕು? ನಾಳೆ ಸಂಜೆ 5ರೊಳಗೆ ಮ್ಯಾಟರ್ ಕೊಡಬೇಕು.

ಬೆಂಗಳೂರಿನ ಬಾಡಿಗೆದಾರ
ಕೋಡಿ ಬಿದ್ದಿದೆ ಅಂದ್ರೆ ಕೆರೆ ಒಡೆದು ಹೋಯ್ತಾ? ಒಡೆದ ಕೆರೆಗೆ ಪೂಜೆನಾ?

ತೂಬಿನ ಕಲ್ಲು
ಅಯ್ಯೋ ಸ್ವಾಮಿ! ಕೆರೆಗೆ ಏರಿ ಇರುತ್ತೆ, ತೂಬು ಇರುತ್ತೆ, ಕೋಡಿ ಇರುತ್ತೆ. ಏರಿ ಅಂದ್ರೆ ನೀರು ತಡೆದು ನಿಲ್ಲಿಸೋ ಮಣ್ಣಿನ ಕಟ್ಟೆ. ತೂಬಿನಿಂದ ಗದ್ದೆಗೆ ಬೇಕಾದಷ್ಟು ನೀರು ಬಿಡ್ತಾರೆ. ಕೋಡಿ ಅನ್ನೋದು ಏರಿಯ ಒಂದು ಕೊನೇಲಿ, ಏರಿಗಿಂತ ತಗ್ಗಾಗಿ ಕಲ್ಲು ಕಟ್ಟಿ ಬಿಟ್ಟಿರೋ ದಾರಿ. ಕೆರೆ ತುಂಬಿ ಮಿಕ್ಕ ನೀರು ಅದರ ಮೇಲೆ ಹರಿದು ಮುಂದಿನ ಕೆರೆಗೆ ಹೋಗುತ್ತೆ. ಕೋಡಿ ಇಲ್ಲದಿದ್ರೆ ನೀರು ಏರಿ ಮೇಲೇ ಹತ್ತಿ ಮಣ್ಣು ಕೊಚ್ಚಿಕೊಂಡು ಹೋಗುತ್ತೆ. ಆದ್ದರಿಂದ "ಕೋಡಿ ಬಿತ್ತು" ಅಂದ್ರೆ ಕೋಡಿ ಮೇಲೆ ನೀರು ಬಿತ್ತು ಅಂತ, ಕೋಡಿನೇ ಬಿದ್ದುಹೋಯ್ತು ಅಂತಲ್ಲ. ಅದು ಹಬ್ಬ. ಏರಿ ಹೋದ್ರೆ "ಕೆರೆ ಒಡೀತು" ಅಂತೀವಿ, ಅದು ಅನಾಹುತ. 2021ರ ನವೆಂಬರ್ ಮಳೇಲಿ ನಮ್ಮ ಕಡೆ ಪೇಪರ್ ತುಂಬ "ಕೋಡಿ ಬಿದ್ದ ಕೆರೆ" ಅಂತಲೇ ಇತ್ತು, ಎಲ್ಲವೂ ಒಡೆದಿದ್ವಾ?

ಅಲಂಕಾರಪ್ರಿಯೆ, ತುಮಕೂರು
"ಕಣ್ಣೀರ ಕೋಡಿ" ಬಂದಿದ್ದೂ ಅಲ್ಲಿಂದಲೇ. ಒಳಗೆ ತುಂಬಿ, ಹಿಡಿಯಲಾರದೆ ಹೊರಗೆ ಹರಿಯೋದು. ಕಣ್ಣಂಚು ಒದ್ದೆ ಆದ್ರೂ "ಕಣ್ಣೀರ ಕೋಡಿ ಹರಿಸಿದರು" ಅಂತ ಬರೀತಾರಲ್ಲ, ಅವರು ತುಂಬಿದ ಕೆರೆ ನೋಡಿಲ್ಲ. ಕೋಡು ಅಂದ್ರೆ ಕೊಂಬು ಅಂದ್ಕೊಂಡು "ಕಣ್ಣೀರ ಕೋಡು" ಅಂತ ಬರೆಯೋರಿಗಂತೂ ಏನು ಹೇಳೋದು.

ಬಾಗೇಪಲ್ಲಿ ಗಡಿ
ನಮ್ಮ ಕಡೆ ತೆಲುಗಲ್ಲಿ ಇದಕ್ಕೆ ಅಲುಗು ಅಂತಾರೆ. "ಅಲುಗು ಪಾರಿಂದಿ" ಅಂದ್ರೆ ಕೋಡಿ ಹರೀತು ಅಂತ. ಕನ್ನಡದ ಅಲುಗಾಟ, ಕತ್ತಿ ಅಲಗು ಅಂತ ತಿಳ್ಕೋಬೇಡಿ.

ಶ್ರೀನಿವಾಸಪುರದ ಮಾವು
ಅಣ್ಣಂದಿರಾ, ಕೋಡಿ ಆಯ್ತು. ನನ್ನ ಸಾಲು?

ಹಳಗನ್ನಡ ಮೇಷ್ಟ್ರು, ಚಿಂತಾಮಣಿ
ಅರ್ಧ ಸಾಲು ಹಿಡಿದು ಅರ್ಥ ಕೇಳಿದ್ರೆ ಅರ್ಧ ಅರ್ಥವೇ ಸಿಗೋದು. ಇದು ಪುರಂದರದಾಸರ ಕೀರ್ತನೆ. ವಾಕ್ಯ ಪೂರ್ತಿ ಆಗೋದು ಹೀಗೆ:

ಕೆರೆಯ ನೀರನು ಕೆರೆಗೆ ಚೆಲ್ಲಿ
ವರವ ಪಡೆದವರಂತೆ ಕಾಣಿರೊ
ಹರಿಯ ಕರುಣದೊಳಾದ ಭಾಗ್ಯವ
ಹರಿಸಮರ್ಪಣೆ ಮಾಡಿ ಬದುಕಿರೊ

ಹಳೆಯ ಪದ್ಯ ಕೈಗೆ ಸಿಕ್ಕಾಗ ಮೊದಲು ಹುಡುಕಬೇಕಾದ್ದು ಕ್ರಿಯಾಪದ. ಇಲ್ಲಿ "ಬದುಕಿರೊ": ಬದುಕಿರಿ ಅನ್ನೋ ಬಹುವಚನದ ವಿಧಿ, ಮೇಲೆ ಕರೆಯೋ ಓಕಾರ. ಹೇಗೆ ಬದುಕಿ? ಸಮರ್ಪಣೆ ಮಾಡಿ. ಏನನ್ನ? ಭಾಗ್ಯವನ್ನ. ಎಂಥ ಭಾಗ್ಯ? ಹರಿಯ ಕರುಣದೊಳ್ ಆದದ್ದು, ಅಂದ್ರೆ ಹರಿಯ ಕರುಣೆಯಿಂದ ಬಂದದ್ದು. ಯಾರ ಹಾಗೆ? ಕೆರೆಯ ನೀರನ್ನ ಕೆರೆಗೇ ಚೆಲ್ಲಿ ವರ ಪಡೆದವರ ಹಾಗೆ. ಮೊದಲೆರಡು ಸಾಲು ಬರೀ ಹೋಲಿಕೆ. ಹೇಳಬೇಕಾದ ಮಾತು ಇರೋದು ಕೊನೆಯ ಎರಡರಲ್ಲಿ. ನೀವು ಪತ್ರಿಕೆಗೆ ಹಾಕ್ತಿರೋದು ಉಪಮಾನ ಮಾತ್ರ, ಉಪಮೇಯ ಮನೇಲೇ ಬಿಟ್ಟು ಬಂದಿದ್ದೀರಿ.

ಪಾವಗಡ ಕಡಲೆಕಾಯಿ
ಮೇಷ್ಟ್ರೇ, "ಪಡೆದವರಂತೆ" ಅಂದ್ರೆ "ಪಡೆದ್ರಂತೆ" ಅಂತ ಯಾಕಾಗಬಾರದು? ಯಾರೋ ನೀರು ಚೆಲ್ಲಿ ವರ ಪಡೆದ್ರಂತೆ, ಕಾಣಿರೋ, ಅಂತ ನಗಾಡ್ತಿರಬಹುದಲ್ಲ. ದಾಸರು ಗೇಲಿ ಮಾಡದೋರಲ್ಲ. "ಉದರವೈರಾಗ್ಯವಿದು" ಅಂತ ಡಾಂಭಿಕರನ್ನ ಜಾಡಿಸಿದೋರು ಅವರೇ.

ಹಳಗನ್ನಡ ಮೇಷ್ಟ್ರು, ಚಿಂತಾಮಣಿ
ಒಳ್ಳೇ ಪ್ರಶ್ನೆ. ಕನ್ನಡದಲ್ಲಿ "ಅಂತೆ" ಎರಡು ಥರ. ಒಂದು ಹೋಲಿಕೆಯದು: "ತಾಯಿಯಂತೆ ಮಗಳು". ಇನ್ನೊಂದು ಕೇಳಿದ ಸುದ್ದಿಯದು: "ಮಳೆ ಬಂತಂತೆ". ಯಾರೋ ಏನೋ ಮಾಡಿದ್ರು ಅನ್ನೋ ಸುದ್ದಿ ಆದ್ರೆ ಅಂತೆ ಪೂರ್ತಿಯಾದ ಕ್ರಿಯಾಪದದ ಮೇಲೆ ಕೂರುತ್ತೆ: ಪಡೆದರು + ಅಂತೆ = ಪಡೆದರಂತೆ. ಇಲ್ಲಿರೋದು "ಪಡೆದವರ್". ಅದು ಪಡೆದ ಜನ, ನಾಮಪದ. ಅದರ ಮೇಲೆ ಬಂದಿರೋದು ಹೋಲಿಕೆಯ ಅಂತೆ. ಒಂದು "ವ" ಎಷ್ಟು ಕೆಲಸ ಮಾಡಿದೆ ನೋಡಿ.

"ಕಾಣಿರೊ"ದಲ್ಲೂ ಜನ ಎಡವ್ತಾರೆ. "ನೀವು ವರ ಪಡೆದವರ ಥರ ಕಾಣ್ತೀರಿ" ಅಂತ ಅರ್ಥ ಹೇಳಿದ್ದನ್ನ ಕೇಳಿದ್ದೀನಿ. ಅದಲ್ಲ. ಕಾಣಿರಿ ಅಂದ್ರೆ ನೋಡಿರಿ, ತಿಳೀರಿ. ಈಗ ನಾವು ಮಾತಿನ ಮಧ್ಯೆ "ನೋಡ್ರೀ" ಅಂತ ಸೇರಿಸ್ತೀವಲ್ಲ, ಅದೇ ಜಾಗದ ಪದ.

ಪಾವಗಡ ಕಡಲೆಕಾಯಿ
"ವ"ಗೆ ಸೋತೆ. ಆದ್ರೂ ನೀರು ಚೆಲ್ಲೋದ್ರಿಂದ ವರ ಎಲ್ಲಿಂದ ಬರುತ್ತೆ ಅನ್ನೋ ಅನುಮಾನ ಹಾಗೇ ಐತೆ.

ಅಲಂಕಾರಪ್ರಿಯೆ, ತುಮಕೂರು
ತೊಡಕು "ಚೆಲ್ಲು" ಅನ್ನೋ ಪದದಲ್ಲಿದೆ ಸರ್. ಈಗ ಚೆಲ್ಲೋದು ಅಂದ್ರೆ ಕೈತಪ್ಪಿ ಸುರಿದು ಹಾಳು ಮಾಡೋದು: ಹಾಲು ಚೆಲ್ತು, ಅನ್ನ ಚೆಲ್ಲಬೇಡ. ಮೊದಲಿಂದ ಅದಕ್ಕೆ ಎರಚು, ಹರಡು, ಸುರಿ ಅನ್ನೋ ಅರ್ಥಗಳಿವೆ, ಹಾಳಿನ ವಾಸನೆ ಇಲ್ಲದೆ. ಅದು ಇನ್ನೂ ಸತ್ತಿಲ್ಲ. ಬೆಳದಿಂಗಳು ಚೆಲ್ಲಿತ್ತು ಅಂತೀವಿ, ನಗೆ ಚೆಲ್ಲಿದಳು ಅಂತೀವಿ. ಅಲ್ಲಿ ಯಾರೂ ನಷ್ಟದ ಲೆಕ್ಕ ಹಾಕಲ್ಲ. ನಿಮ್ಮ ಸಮಿತಿಯವರ ಕಿವಿಗೆ "ಹಾಲು ಚೆಲ್ತು" ಮಾತ್ರ ಕೇಳಿಸಿದೆ.

ನಿಘಂಟು ನೋಡೋರಿಗೆ: ಕಿಟೆಲ್ ಅವರದ್ದು (1894) ಬೇಗ ನೋಡೋಕೆ ಸಾಕು. ಆದ್ರೆ ಒಂದು ಪದ ಯಾವ ಸಾಲಲ್ಲಿ ಹೇಗೆ ಬಳಕೆ ಆಗಿತ್ತು ಅಂತ ಬೇಕಿದ್ರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೇ ಗತಿ, ಅದರಲ್ಲಿ ಪ್ರಯೋಗದ ಸಾಲುಗಳನ್ನೂ ಕೊಡ್ತಾರೆ. ಹಳೆಯ ಪದ್ಯದ ಪದ "ಪ"ದಲ್ಲಿ ಶುರುವಾಗಿದ್ರೆ "ಹ"ದಲ್ಲೂ ಹುಡುಕಿ: ಪಾಲ್ ಹಾಲು, ಪುಲಿ ಹುಲಿ. ಇದು ಗೊತ್ತಿಲ್ಲದೆ "ನಿಘಂಟಲ್ಲೇ ಇಲ್ಲ" ಅಂತ ಬಿಟ್ಟುಬಿಡೋರು ಬಹಳ.

ಸಂಧ್ಯಾಕಾಲ
ಪಾವಗಡದವರೇ, ವರ ಎಲ್ಲಿಂದ ಅಂದ್ರಲ್ಲ. ಇದು ಅರ್ಘ್ಯದ ಚಿತ್ರ. ಕೆರೆ ಅಥವಾ ಹೊಳೆ ನೀರಲ್ಲಿ ನಿಂತು, ಎರಡೂ ಅಂಗೈ ಸೇರಿಸಿ ಬೊಗಸೆ ತುಂಬ ಅದೇ ನೀರು ಎತ್ತಿ, ಸೂರ್ಯನ ಕಡೆ ಮುಖ ಮಾಡಿ ಬೆರಳ ತುದಿಯಿಂದ ಅದೇ ನೀರಿಗೆ ಬಿಡೋದು. ಬೆಳಗ್ಗೆ ಮೂರು ಸಲ, ಸಂಜೆ ಮೂರು ಸಲ. ನೋಡೋಕೆ ಕೆರೆಯ ನೀರು ಕೆರೆಗೇ ಹೋಯ್ತು, ಕೆರೆಗೆ ಒಂದು ಹನಿ ಹೆಚ್ಚಲಿಲ್ಲ, ಕೊಟ್ಟವನ ಕೈಯಿಂದ ಒಂದು ಹನಿ ಖರ್ಚಾಗಲಿಲ್ಲ. ಆದ್ರೂ ಅರ್ಪಿಸಿದ ಫಲ ಸಿಕ್ತು. ಅದೇ ವರ.

ಇನ್ನೊಂದು ವಿಷಯ ಗಮನಿಸಿ. ಅದೇ ಬೊಗಸೆ, ಅದೇ ನೀರು, ಅದಕ್ಕೆ ಎಳ್ಳು ಸೇರಿಸಿ, ಬೆರಳ ತುದಿ ಬಿಟ್ಟು ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಬಿಟ್ರೆ ಅದು ಪಿತೃತರ್ಪಣ. "ಅವನು ಆ ಆಸೆಗೆ ಎಳ್ಳುನೀರು ಬಿಟ್ಟ" ಅಂತೀವಲ್ಲ, ಅದು ಈ ನೀರು. ಸತ್ತವರಿಗೆ ಬಿಡೋದನ್ನ ಆಸೆಗೆ ಬಿಟ್ಟ, ಅಂದ್ರೆ ಆಸೆ ಸತ್ತಿತು. ನೀರು ಬಿಡೋ ಬೆರಳು ಬದಲಾದ್ರೆ ನುಡಿಗಟ್ಟಿನ ಅರ್ಥವೇ ತಿರುಗುತ್ತೆ.

ತೂಬಿನ ಕಲ್ಲು
ಈ ಬೆರಳಿನ ಲೆಕ್ಕ ಬಹಳ ಚೆನ್ನಾಗಿದೆ ಸ್ವಾಮಿ.

ಬೆಂಗಳೂರಿನ ಬಾಡಿಗೆದಾರ
ಹಾಗಾದ್ರೆ ಬೆಂಗಳೂರಿನ ನೀರನು ಕೋಲಾರದ ಕೆರೆಗೆ ಚೆಲ್ಲಿದ್ರೆ ಯಾರಿಗೆ ವರ? 😀

ಮಾಲೂರಿನ ಹೆಂಚು
ಬಂತು ನೋಡಿ ಕೆ.ಸಿ. ವ್ಯಾಲಿ, ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸೋ ಯೋಜನೆ. 2018ರಿಂದ ಬರ್ತಿದೆ, ಎರಡನೇ ಹಂತದ ಶುದ್ಧೀಕರಣ ಮಾತ್ರ ಆಗಿದೆ, ಮೂರನೇ ಹಂತ ಮಾಡಿ ಕೊಡಿ ಅಂತ ಕೇಳ್ತಾನೇ ಇದ್ದೀವಿ. ವರ ಅಂತೆ ವರ.

ತೂಬಿನ ಕಲ್ಲು
ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಬಂದಿದ್ದನ್ನೂ ಹೇಳಪ್ಪ, ಅರ್ಧ ಹೇಳಬೇಡ.

ವೇದಿಕೆ ನಿರ್ವಾಹಕ
ಕೆ.ಸಿ. ವ್ಯಾಲಿಗೆ ಬೇರೆ ಎಳೆ ಇದೆ, 340 ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ನುಡಿಗಟ್ಟು ಮಾತ್ರ.

ಮಾಲೂರಿನ ಹೆಂಚು
ಮೇಲಿನ "ವರ ಅಂತೆ ವರ" ಯಾವ ಅಂತೆ ಮೇಷ್ಟ್ರೇ?

ಹಳಗನ್ನಡ ಮೇಷ್ಟ್ರು, ಚಿಂತಾಮಣಿ
ಸುದ್ದಿಯ ಅಂತೆ, ಮೇಲೆ ಒಗ್ಗರಣೆ. ಒಂದೇ ಪದ ಎರಡು ಸಲ ಹೇಳಿ ನಡುವೆ ಅಂತೆ ಇಟ್ರೆ "ನಾನು ನಂಬಲ್ಲ" ಅಂತ ಅರ್ಥ. ಪಾವಗಡದವರು ಹುಡುಕ್ತಿದ್ದ ಗೇಲಿ ಇದು, ದಾಸರ ಸಾಲಲ್ಲಿ ಇಲ್ಲದ್ದು.

ಗೌರಿಬಿದನೂರು ಗಾಡಿ
ಎಲ್ಲ ಸರಿ, ಜನ ಬಳಸಿದ್ದೇ ಅರ್ಥ ಅಲ್ವಾ? ಇವತ್ತು ಹತ್ತು ಜನರನ್ನ ಕೇಳಿದ್ರೆ ಎಂಟು ಜನ "ಸಮಾಜಕ್ಕೆ ವಾಪಸ್ ಕೊಡೋದು" ಅಂತಾರೆ. ದಾಸರ ಕಾಲದ ಅರ್ಥ ಇಟ್ಕೊಂಡು ಏನು ಮಾಡೋದು?

ಅಲಂಕಾರಪ್ರಿಯೆ, ತುಮಕೂರು
ಬಳಕೆ ಬದಲಾಗೋದು ತಪ್ಪಲ್ಲ. ಆದ್ರೆ ಇಲ್ಲಿ ಬದಲಾಗಿರೋದು ಬಳಕೆ ಅಷ್ಟೇ ಅಲ್ಲ, ಕೊಡೋನ ಸ್ಥಾನ. ಪದ್ಯದಲ್ಲಿ ಕೊಡೋನಿಗೆ ತನ್ನದು ಅನ್ನೋದೇ ಇಲ್ಲ. ನೀರು ಕೆರೆಯದು, ಭಾಗ್ಯ ಹರಿಯದು. ಬೊಗಸೆ ಮಾತ್ರ ಅವನದು. "ನಾನು ಸಮಾಜಕ್ಕೆ ಕೊಟ್ಟೆ" ಅನ್ನೋದು ಅದರ ತಲೆಕೆಳಗು. ಆ ಸಾಲಿನ ಕೆಳಗೆ 14 ದಾನಿಗಳ ಹೆಸರು ಹಾಕಿದ್ರೆ, ಪದ್ಯ ಗೊತ್ತಿರೋರು ಓದೋದು ಹೀಗೆ: "ಇವರು ಕೊಟ್ಟಿದ್ದು ಯಾವುದೂ ಇವರದ್ದಲ್ಲ." ಗೇಲಿ ಬೇಕಿದ್ರೆ ಇಲ್ಲಿದೆ, ಪಾವಗಡ ಸರ್!

ಪಾವಗಡ ಕಡಲೆಕಾಯಿ
ನಾನೇ ಗೆದ್ದೆ ಅಂತಾಯ್ತು, ಬೇರೆ ಬಾಗಿಲಿಂದ.

ಶ್ರೀನಿವಾಸಪುರದ ಮಾವು
ಹೆಸರಷ್ಟೇ ಅಲ್ಲ ಅಕ್ಕಾ, ಫೋಟೊ ಕೂಡ ಇದೆ.

ಗೌರಿಬಿದನೂರು ಗಾಡಿ
ಫೋಟೊ ತೆಗೆದ್ರೆ ಕೆರೆ ಪೂಜೆಗೆ ದುಡ್ಡು ಬರಲ್ಲ, ಇರಲಿ ಬಿಡಿ.

ರಾಗಿ ಕಣ
ಇದೇ ಥರ ಹಾಳಾಗಿರೋ ಇನ್ನೊಂದು ಗಾದೆ: "ಗಾಳಿ ಬಂದಾಗ ತೂರಿಕೋ". ಈಗಿನ ಹುಡುಗರು ಇದನ್ನ ಸಂದಿ ಸಿಕ್ಕಾಗ ನುಗ್ಗು ಅಂತ ತಿಳ್ಕೊಂಡವ್ರೆ. ಯಾಕಂದ್ರೆ ಬಸ್ಸಿನಲ್ಲಿ "ತೂರಿಕೊಂಡು ಹೋದ" ಅಂತೀವಿ. ಆ ತೂರು ಬೇರೆ. ಗಾದೆಯ ತೂರು ಕಣದ್ದು.

ರಾಗಿ ತೆನೆ ಒಕ್ಕಣೆ ಆದ ಮೇಲೆ ಕಾಳು, ಹೊಟ್ಟು, ಜೊಳ್ಳು, ಮಣ್ಣು ಎಲ್ಲ ಒಂದೇ ರಾಶೀಲಿರುತ್ತೆ. ಮೊರದಲ್ಲಿ ತುಂಬಿಕೊಂಡು ತಲೆಮಟ್ಟಕ್ಕೆ ಎತ್ತಿ, ಗಾಳಿಗೆ ಅಡ್ಡಲಾಗಿ ಸಣ್ಣಗೆ ಉದುರಿಸ್ತಾ ಹೋಗಬೇಕು. ಕಾಳು ತೂಕಕ್ಕೆ ನೇರ ಕೆಳಗೆ ಬೀಳುತ್ತೆ, ಹೊಟ್ಟು ಗಾಳಿಯ ಜೊತೆ ನಾಲ್ಕು ಮಾರು ಆಚೆ ಹೋಗಿ ಬೀಳುತ್ತೆ. ಒಂದೇ ಸಲ ಸುರಿದ್ರೆ ಹೊಟ್ಟು ಕಾಳಿನ ಜೊತೆಗೇ ಬೀಳುತ್ತೆ. ಗಾಳಿ ನಿಂತಾಗ ತೂರಿದ್ರೆ ಎರಡೂ ಕಾಲಡಿಗೇ ಬೀಳುತ್ತೆ, ಗಾಳಿ ಜೋರಾದ್ರೆ ರಾಗಿಯಂಥ ಸಣ್ಣ ಕಾಳೂ ಹಾರುತ್ತೆ. ಹದವಾದ ಗಾಳಿ ಯಾವಾಗ ಬರುತ್ತೋ ಹೇಳೋಕಾಗಲ್ಲ, ಅದಕ್ಕೇ ಬಂದಾಗ ಮೊರ ಕೈಲಿರಬೇಕು. ಗಾದೆ ಹೇಳೋದು ಅಷ್ಟನ್ನ. ಬೆಳೆದು, ಕೊಯ್ದು, ಒಕ್ಕಿ ಮುಗಿಸಿ ಕಾಯ್ತಾ ಇರೋನಿಗೆ ಹೇಳಿದ ಮಾತು ಅದು. ಏನೂ ಮಾಡದೆ ಸಂದೀಲಿ ನುಗ್ಗೋನಿಗಲ್ಲ.

ಮಾಲೂರಿನ ಹೆಂಚು
ಈಗ ಮೊರ ಎಲ್ಲಿ, ರಾಗಿನ ರಸ್ತೆ ಮೇಲೆ ಹಾಕಿ ಕಾರು ಹತ್ತಿಸ್ತಾರೆ.

ರಾಗಿ ಕಣ
ಕಾರು ಹತ್ತಿದ್ರೂ ತೂರಲೇಬೇಕು. ಫ್ಯಾನ್ ಇಟ್ಟು ತೂರ್ತಾರೆ. ಗಾಳಿನ ಬಾಡಿಗೆಗೆ ತಂದಾಗ ತೂರಿಕೋ.

ಸಿರಾ ದ್ವಿತೀಯ ಪಿಯು
ನಂದೂ ಒಂದು ಡೌಟ್ ಸರ್. ಕವಿರಾಜಮಾರ್ಗದಲ್ಲಿ ಬರುತ್ತಲ್ಲ, "ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್", ಇದು ಓದು ಬರಹ ಬರದೋರ ಬಗ್ಗೆನಾ? ಗೈಡಲ್ಲಿ "ಕನ್ನಡಿಗರು ಅನಕ್ಷರಸ್ಥರಾದರೂ ಕವಿಗಳು" ಅಂತ ಕೊಟ್ಟವ್ರೆ. ನಮ್ಮ ಕ್ಲಾಸಲ್ಲಿ ಒಬ್ಬ "ಕುರಿ ತೋದದೆಯುಂ" ಅಂತ ಬಿಡಿಸಿ ಬೈಸ್ಕೊಂಡ.

ಹಳಗನ್ನಡ ಮೇಷ್ಟ್ರು, ಚಿಂತಾಮಣಿ
ಕುರಿ ಹುಡುಗನಿಗೆ ಕಾಲು ಅಂಕ ಕೊಡಬಹುದು, ಬಿಡಿಸಬೇಕು ಅನ್ನೋದಾದ್ರೂ ಹೊಳೀತಲ್ಲ! ಕುರಿತು + ಓದದೆಯುಂ. ಕುರಿತು ಅಂದ್ರೆ ಅದಕ್ಕೆಂದೇ ಗುರಿ ಇಟ್ಟು. ಓದದೆಯುಂ, ಓದದೇ ಇದ್ದರೂ. ಕಾವ್ಯಶಾಸ್ತ್ರವನ್ನ ಅದಕ್ಕೆಂದೇ ಕೂತು ಓದದಿದ್ದರೂ ಕಾವ್ಯದ ಪ್ರಯೋಗದಲ್ಲಿ ಪಳಗಿದ ಬುದ್ಧಿಯವರು ಅಂತ. ಅಕ್ಷರ ಬಾರದವರು ಅಂತ ಆ ಸಾಲಲ್ಲಿ ಎಲ್ಲೂ ಇಲ್ಲ. "ಕುರಿತು" ಅನ್ನೋದನ್ನ ಕೈಬಿಟ್ಟು ಬರೀ "ಓದದೆ" ಹಿಡ್ಕೊಂಡ್ರೆ ಗೈಡಿನ ಅರ್ಥ ಬರುತ್ತೆ. ಪರೀಕ್ಷೇಲಿ ಪದ ಬಿಡಿಸಿ ತೋರಿಸಿ ಬರಿ, ಅಂಕ ಕಟ್ ಮಾಡೋಕೆ ಕಷ್ಟ ಆಗುತ್ತೆ.

ಸಿರಾ ದ್ವಿತೀಯ ಪಿಯು
ಥ್ಯಾಂಕ್ಸ್ ಸರ್ 🙏

ಮಿಶ್ರಛಾಪು
ಯಾರೂ ಗಮನಿಸಲಿಲ್ಲ. ಮೊದಲ ಪೋಸ್ಟಲ್ಲಿ "ನೀರನ್ನು" ಅಂತಿದೆ, ಮೇಷ್ಟ್ರು "ನೀರನು" ಅಂತ ಬರೆದ್ರು. ಅಚ್ಚಾಗಬೇಕಾದ್ದು "ನೀರನು". ಮಾತ್ರೆ ಎಣಿಸಿ: ಕೆರೆಯ 3, ನೀರನು 4, ಕೆರೆಗೆ 3. ಆಮೇಲೆ ಚೆಲ್ಲಿ ಮೂರೇ ಮಾತ್ರೆ, ಹಾಡುವಾಗ ಎಳೆದು 4 ಮಾಡ್ಕೋತಾರೆ. ಕಡೇತನಕ ಅದೇ 3-4 ನಡಿಗೆ: ವರವ, ಪಡೆದವ, ರಂತೆ, ಕಾಣಿರೊ. "ನೀರನ್ನು" ಅಂದ್ರೆ 5 ಆಗಿ ಕಾಲು ಮುಗ್ಗರಿಸುತ್ತೆ.

ಈ ನಡಿಗೆಯಿಂದ ಅರ್ಥಕ್ಕೂ ಒಂದು ತೊಂದರೆ ಇದೆ. ತಾಳದ ಕಟ್ಟು ಪದದ ನಡುವೆ ಬೀಳುತ್ತೆ: ಪಡೆದವ/ರಂತೆ, ಕರುಣದೊ/ಳಾದ, ಹರಿಸ/ಮರ್ಪಣೆ. ಕೇಳಿ ಬರ್ಕೊಳ್ಳೋರು ತಾಳ ಕತ್ತರಿಸಿದ ಕಡೆನೇ ಪದ ಕತ್ತರಿಸ್ತಾರೆ. "ಹರಿಸ ಮರ್ಪಣೆ" ಅಂತ ಅಚ್ಚಾಗಿರೋ ಕರಪತ್ರ ಬೇಕಾದಷ್ಟಿವೆ. ಹರಿಸು ಅಂದ್ರೆ ನೀರು ಹರಿಸೋದು ಅಂತ ಅದಕ್ಕೆ ಅರ್ಥ ಬೇರೆ ಹಚ್ತಾರೆ, ಕೆರೆ ಪೂಜೆ ಅಂದ್ರಂತೂ ಕೇಳಲೇಬೇಡಿ. ಹರಿಗೆ ಸಮರ್ಪಣೆ, ಹರಿಸಮರ್ಪಣೆ. ಹಾಡು ಕೇಳಿ ಬರೆದ್ರೆ ಆಮೇಲೆ ಒಂದ್ಸಲ ತಾಳ ಬಿಟ್ಟು, ಗದ್ಯದ ಥರ ಜೋರಾಗಿ ಓದಿ ನೋಡಿ. ಪದ ಎಲ್ಲಿ ಮುಗಿಯುತ್ತೆ ಅಂತ ನಾಲಿಗೆಗೇ ಗೊತ್ತಾಗುತ್ತೆ.

ಅಲಂಕಾರಪ್ರಿಯೆ, ತುಮಕೂರು
ಡಿಟಿಪಿಯವರು ಸಾಲು ಹಿಡಿಸೋಕೆ ಅಕ್ಷರ ಒಡೀತಾರೆ, ಅದನ್ನೂ ನೋಡ್ಕೊಳ್ಳಿ. "ಸಮ-" ಮೇಲಿನ ಸಾಲಲ್ಲಿ, "ರ್ಪಣೆ" ಕೆಳಗೆ. ಯೂನಿಕೋಡ್ ಮ್ಯಾಟರ್ ಅವರ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಹಾರಿಹೋಗಿ "ಸಮಪಣೆ" ಆಗೋದೂ ಉಂಟು. ಪ್ರೂಫ್ ನೋಡುವಾಗ ಮೊದಲು ಒತ್ತಕ್ಷರಗಳನ್ನ ನೋಡಿ.

ಶ್ರೀನಿವಾಸಪುರದ ಮಾವು
ಹುಣಸೆಹಣ್ಣಿನವರಿಗೆ ಏನು ಹೇಳಲಿ? ಅವರು ಹಿರಿಯರು, ಬಿಡ್ತಿಲ್ಲ.

ಸಂಧ್ಯಾಕಾಲ
ಹೀಗೆ ಕೇಳಿ ಅವರನ್ನ: ಹೊಳೇಲಿ ಹುಣಸೆಹಣ್ಣು ತೊಳೆದ್ರೆ ಹುಳಿಯೆಲ್ಲ ನೀರಿಗೆ ಹೋಯ್ತು, ಕೈಲಿ ಉಳಿಯೋದು ನಾರು ಬೀಜ. ನೀರಲ್ಲಿ ಹೋಮ ಮಾಡಿದ್ರೆ ತುಪ್ಪ ಹೋಯ್ತು, ಬೆಂಕಿ ಆರಿತು. ಎರಡರಲ್ಲೂ ಕೈಲಿದ್ದ ಒಂದು ವಸ್ತು ನಷ್ಟ ಆಗಿದೆ. ಕೆರೆಯ ನೀರು ಕೆರೆಗೆ ಹೋದ್ರೆ ನಷ್ಟ ಆದದ್ದು ಏನು? ಉತ್ತರ ಹೇಳಿದ್ರೆ ಅವರ ತಕರಾರು ಒಪ್ಪೋಣ.

ಗೌರಿಬಿದನೂರು ಗಾಡಿ
ಸಮಯ ನಷ್ಟ ಅಂತಾರೆ ನೋಡ್ತಿರಿ.

ತೂಬಿನ ಕಲ್ಲು
ಇಷ್ಟುದ್ದ ಎಳೆ ಓದಿದ ಮೇಲೆ ಅದನ್ನ ಅವರೊಬ್ಬರೇ ಹೇಳಬೇಕಾಗಿಲ್ಲ.

ಹಳಗನ್ನಡ ಮೇಷ್ಟ್ರು, ಚಿಂತಾಮಣಿ
ನನ್ನ ಸಲಹೆ: ಅರ್ಧ ಸಾಲು ಬೇಡ, ನಾಲ್ಕೂ ಸಾಲು ಹಾಕಿ. ಕೆಳಗೆ ಪುರಂದರದಾಸರು ಅಂತ ಹೆಸರು. ದಾನಿಗಳನ್ನ ಅದರ ನೇರ ಕೆಳಗೆ ತರಬೇಡಿ, ಹಿಂದಿನ ಪುಟಕ್ಕೆ ಕಳಿಸಿ. ನಾಲ್ಕು ಸಾಲಿಗೆ ಜಾಗ ಇಲ್ಲ ಅಂದ್ರೆ ಪದ್ಯವನ್ನೇ ಬಿಡಿ, "ಗಂಗಾಪೂಜೆ ಮತ್ತು ಬಾಗಿನ ಸಮರ್ಪಣೆ" ಅಂದ್ರೆ ಧಾರಾಳ ಸಾಕು.

ಶ್ರೀನಿವಾಸಪುರದ ಮಾವು
ಅಪ್‌ಡೇಟ್. ನಾಲ್ಕೂ ಸಾಲು ಹೋಗ್ತಿದೆ, ದಾನಿಗಳು ಹಿಂದಿನ ಪುಟ. ಇಬ್ಬರು ಮುನಿಸಿಕೊಂಡವ್ರೆ, ಹುಣಸೆಹಣ್ಣಿನವರಲ್ಲ, ಫೋಟೊದವರು. ಹುಣಸೆಹಣ್ಣಿನವರು ಅರ್ಘ್ಯದ ಮಾತು ಕೇಳಿ "ಅದನ್ನ ಮೊದಲೇ ಹೇಳಬಾರದಿತ್ತಾ" ಅಂದ್ರು. ಪ್ರೂಫ್ ಈಗ ಬಂತು, ನೋಡಿ: "ಕೆರೆಯ ನೀರನು ಕೆರೆಗೆ ಚೆಲ್ಲಿ, ವರನ ಪಡೆದವರಂತೆ ಕಾಣಿರೊ".

ಮಿಶ್ರಛಾಪು
ವರನ?!

ಪಾವಗಡ ಕಡಲೆಕಾಯಿ
ಅದೇ ಪ್ರೆಸ್ಸು ಲಗ್ನಪತ್ರಿಕೆ ಹೊಡೀತಾ ಇರಬೇಕು. ಮಾತ್ರೆ ಮಾತ್ರ ಸರಿಯಾಗಿದೆ ಅಲ್ವಾ ಸರ್?

ಮಿಶ್ರಛಾಪು
ಮಾತ್ರೆ ಮೂರೇ, ಸರಿ ಇದೆ. ಬೇಗ ಫೋನ್ ಮಾಡಿ ತಿದ್ದಿಸಿ ಮಾರಾಯ್ರೇ.